ಬಾಗಿಲವನು ಅವನ ಕಡೆಯವನು

ಕುತೈಸಿಯ ಸುರಂಗದಾರಿ. ಹೂವಿನಂಗಡಿಗೂ ಕೀಲಿ ಮಾಡುವವನಿಗೂ ನಡುವೆ
ನಮ್ಮ ಮಲ್ಖಾಜನ ಗೂಡು; ನಾನಲ್ಲಿ ಸ್ಕ್ರೂ ಆಯುವ ಹುಡುಗ.
ಲಮ್ಜೀರಾ ಬಂದಳು, ಕೊಡೆಯ ನೀರೆಲ್ಲ ನನ್ನ ಬೂಟಿಗೆ.

"ಡಿಸ್ಕಿನಲ್ಲಿ ಅರ್ಧ ಅವನ ಲಿನಕ್ಸು, ಅರ್ಧ ನನ್ನ ವಿಂಡೋಸು.
ವಿಚ್ಛೇದನ ಮುಗಿಯಿತು, ಅವನ ಪಾಲು ಅಳಿಸಿದೆ.
ಮನೆ ಪಾಲಾದದ್ದೂ ಹೀಗೇ,
ಅದಕ್ಕೆ ವಕೀಲರಿದ್ದರು."

ಕರಿ ಪರದೆಯಲ್ಲಿ ಒಂದೇ ಸಾಲು:
ಅಂಥ ಪಾಲು ಇಲ್ಲ.

"ನನ್ನದು ಇದೆಯಲ್ಲ!"
"ಇದೆ ತಾಯಿ," ಎಂದ ಮಲ್ಖಾಜ್,
"ಬಾಗಿಲವನು ಮಾತ್ರ ಅವನ ಕಡೆಯವನು.
ದಿನಾ ಹತ್ತು ಸೆಕೆಂಡು ಇಬ್ಬರ ಹೆಸರೂ ಹಿಡಿದು
ಯಾರು ಬೇಕು ಅಂತ ಕೇಳುತ್ತಿದ್ದನಲ್ಲ, ಅವನೇ.
ಅನ್ನ ಹಾಕುವವನನ್ನು ಅಳಿಸಿದಿರಿ,
ಹೊಸ್ತಿಲಲ್ಲಿ ಕೂತು ಇನ್ನೂ ಅವನನ್ನೇ ಕೂಗುತ್ತಿದ್ದಾನೆ."

ಪೆನ್‌ಡ್ರೈವ್ ಚುಚ್ಚಿದ. ಎರಡು ಸಾಲು ಕುಟ್ಟಿದ,
ಒಂದು ತಪ್ಪಾಗಿ, ಬೈದುಕೊಂಡು, ಮತ್ತೆ ಕುಟ್ಟಿದ.
ಹೊಸ ಕಾವಲು ಕೂತಿತು.
ನೀಲಿ ಬೆಳಕು; ಅವಳ ದ್ರಾಕ್ಷಿ ಚಪ್ಪರದ ಫೋಟೋ.

ಅವಳು ಆರಿಸಿ ಮತ್ತೆ ಹಚ್ಚಿದಳು.
"ಕೇಳಲೇ ಇಲ್ಲ?"
"ಇನ್ನು ಕೇಳುವುದಿಲ್ಲ."

ಪಟ್ಟಿಯಲ್ಲಿ ಅವನ ಹೆಸರು ಮೊದಲಿತ್ತಂತೆ, ಇವಳದು ಕೆಳಗೆ.
ಎಡಗೈ ಚೀಲದಲ್ಲಿ ದುಡ್ಡು ಹುಡುಕುತ್ತಿತ್ತು.
ಬಲಗೈ ಬೆರಳು
ಕೆಳಬಾಣದ ಗುಂಡಿಯ ಮೇಲೆ, ಒತ್ತದೆ.