ಸೀಸವಿಲ್ಲದ ಸೊಂಡಿಲಿ

ಮೀನೊಣಗಿಸಿ ಮಾರುವ ತಕೆರ್ಹೆಬ್ ಬಂದದ್ದು
ನೈಲ್ ಇಳಿದು ಕೆಸರು ಬಿರಿಯುವ ತಿಂಗಳಲ್ಲಿ.
ಬೆಕ್ಕು ಬೇಕೆಂದಳು. ಕಿವಿಗೆ ಚಿನ್ನದ ಓಲೆ,
ಕಾಲ ಸುತ್ತ ಬಾಲ ಸುತ್ತಿ ಕೂತದ್ದು,
ಪಕ್ಕದ ಮನೆಯವಳು ಗುಡಿಗೆ ಕೊಟ್ಟಂಥದ್ದು.
ಬಟ್ಟೆಯ ಗಂಟು ಬಿಚ್ಚಿದಳು:
ಎರಡು ಬಳೆ, ತಾಮ್ರದವು,
ನನ್ನ ಮೂರು ಬೆರಳೂ ತೂರದಷ್ಟು ಕಿರಿದು.

ತಕ್ಕಡಿಯಲ್ಲಿಟ್ಟೆ. ಇಡದಿದ್ದರೂ ಗೊತ್ತಿತ್ತು.
ಬೆಕ್ಕಿಗೆ ಸಾಲದು, ಬೆಕ್ಕಿನ ತಲೆಗೂ ಸಾಲದು,
ಸೊಂಡಿಲಿ ಆದೀತು ಎಂದೆ.

ಆ ನಾತದ ಇಲಿಯೇ, ಎಂದಳು.

ಮೆಂಫಿಸಿನ ಈ ಓಣಿಯಲ್ಲಿ ಮಾರುವ ಮಾತು ನನಗೆ ಬಾಯಿಪಾಠ:
ಸೆಖೆಮ್ ಊರಿನ ದೇವರಿಗೆ ಎರಡು ಮೈ, ತಾಯಿ.
ಕಣ್ಣು ಕಾಣುವಾಗ ಗಿಡುಗ,
ಸೂರ್ಯ ಚಂದ್ರ ಎರಡೂ ಮುಳುಗಿದ ಹೊತ್ತು ಸೊಂಡಿಲಿ.
ಕತ್ತಲಲ್ಲಿ ಮೂತಿಯಿಂದಲೇ ದಾರಿ ಹುಡುಕುತ್ತದೆ.
ಎಲ್ಲರಿಗೂ ಇಷ್ಟು ಹೇಳುತ್ತೇನೆ, ಆಮೇಲೆ ಬೆಲೆ ಹೇಳುತ್ತೇನೆ.

ಅವಳು ಬೆಲೆ ಕೇಳಲಿಲ್ಲ.
ರೂರುಗೆ ಕತ್ತಲೆಂದರೆ ಹೆದರಿಕೆ, ಎಂದಳು.
ರಾತ್ರಿ ಒಂದಕ್ಕೆ ಹೋಗಲೂ ನನ್ನ ಕೈ ಬೇಕಿತ್ತು.

ನಿಜ ಹೇಳುತ್ತೇನೆ. ನಮ್ಮ ಕಂಚಿನಲ್ಲಿ ಕಾಲುಪಾಲು ಸೀಸ.
ದೇವರಿಗೆ ಗೊತ್ತು, ಅರ್ಚಕರಿಗೂ ಗೊತ್ತು.
ಅಗ್ಗವೆಂದು ಮಾತ್ರವಲ್ಲ; ಸೀಸವಿದ್ದರೆ ಲೋಹ ಹರಿಯುತ್ತದೆ,
ಮೀಸೆಯ ಗೆರೆಗೂ ಉಗುರಿನ ಸಂದಿಗೂ, ಎಣ್ಣೆಯ ಹಾಗೆ.
ಸುಳ್ಳು ಬೆರೆಯದ ಕಂಚು ಮೊಂಡು,
ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ.
ಗುಡಿಯವರು ಸುತ್ತಿ ಮಲಗಿಸುವ ಬಟ್ಟೆಯ ಸುರುಳಿಗಳಲ್ಲೂ
ಎಷ್ಟೋ ಸಲ ಇರುವುದು ಜೊಂಡು, ಕೆಸರು, ಒಂದೆರಡು ಮೂಳೆ.
ನನ್ನಪ್ಪನೂ ಹೀಗೇ ಬದುಕಿದ. ಚೆನ್ನಾಗಿಯೇ ಬದುಕಿದ.

ಮೇಣ ತಿದ್ದಿದೆ. ಬೆರಳಿಗೆಲ್ಲ ಜೇನಿನ ವಾಸನೆ.
ಸೊಂಡಿಲು, ಕೂದಲೆಳೆಯ ಮೀಸೆ, ಬೆನ್ನ ಮೇಲೆ ರೆಕ್ಕೆ ಬಿಚ್ಚಿದ ಸೂರ್ಯ.
ಇಲಿಗೆ ಇಷ್ಟೆಲ್ಲ ಯಾರೂ ಕೆತ್ತುವುದಿಲ್ಲ.
ಮಣ್ಣು ಮೆತ್ತಿ ಸುಟ್ಟೆ. ಮೇಣ ಕರಗಿ ಹೋಯಿತು,
ಒಳಗೆ ಇಲಿಯಷ್ಟೇ ಕತ್ತಲು ಉಳಿಯಿತು.

ಬಳೆಗಳು ಮೂಸೆಯಲ್ಲಿ ಬಹಳ ಹೊತ್ತು ಬಳೆಗಳಾಗಿಯೇ ಇದ್ದವು.
ಆಮೇಲೆ ಒಂದು ಬಾಗಿತು. ಇನ್ನೊಂದು ಅದರ ಮೇಲೆ ಒರಗಿತು.
ತಿದಿ ಒತ್ತುವ ಹುಡುಗ ಬೆವರೊರೆಸಿಕೊಂಡು
ಸೀಸದ ಗಟ್ಟಿ ಹಿಡಿದು ನನ್ನತ್ತ ನೋಡಿದ.
ಬೇಡ ಎಂದೆ.
ತವರದ ಒಂದು ಚೂರು ಹಾಕಿದೆ, ನನ್ನ ಗಂಟಿನದು.

ಅಚ್ಚು ಒಡೆದಾಗ ಬಾಲ ಇರಲಿಲ್ಲ.
ಬುಡದಲ್ಲಿ ಒಂದು ಮೊಳಕೆ, ಅಷ್ಟೇ. ಲೋಹ ಅಲ್ಲಿಯವರೆಗೆ ಬಂದು ನಿಂತಿತ್ತು.
ಹೋದ ಮೇಣ ಹೋದದ್ದೇ; ಒಂದು ಮೇಣಕ್ಕೆ ಒಂದೇ ದೇವರು.
ನಾಚಿಕೆಯಾಯಿತು. ಇನ್ನೊಂದು ಎರಕ ಹೊಯ್ದು ಕೊಡುತ್ತೇನೆ,
ಅಮಾವಾಸ್ಯೆ ಕಳೆದು ಬಾ ಎಂದೆ.

ಅವಳು ಆ ಮೊಂಡು ತುದಿಯನ್ನು ಹೆಬ್ಬೆರಳಲ್ಲಿ ಸವರಿದಳು.
ಮೂಗಿಗೆ ಹಿಡಿದು ಮೂಸಿದಳು, ಯಾಕೋ.
ಮತ್ತೆ ಕರಗಿಸಬೇಡ, ಎಂದಳು.

ಅವಳು ಹೋದ ಮೇಲೂ ಓಣಿಯಲ್ಲಿ ಒಣಮೀನಿನ ವಾಸನೆ.
ಹುಡುಗ ಏನೋ ಕೇಳಬೇಕೆಂದಿದ್ದ, ಕೇಳಲಿಲ್ಲ; ಬೂದಿ ಗೋರಿದ.

ಮರುದಿನ ದೊಡ್ಡ ಗುಡಿಯಿಂದ ಆಳು ಬಂದ:
ಬಾಗುಕೊಕ್ಕಿನ ಥೋತ್, ಹದಿನಾರು, ಹಬ್ಬದೊಳಗೆ ಬೇಕು.
ಸೀಸ ಹಾಕಿದೆ, ಕಾಲುಪಾಲಿಗಿಂತ ಹೆಚ್ಚೇ.
ಕೊಕ್ಕಿನ ತುದಿಯವರೆಗೂ ಹರಿಯಿತು.