ಕೊಳಗ

ಮಂಡ್ಯದ ಪೇಟೆ ಬೀದಿಯಲ್ಲಿ ಜವರಾಯಣ್ಣನ ಪಾತ್ರೆ ಅಂಗಡಿ.
ಅದರ ನೆತ್ತಿಯ ಮೇಲೆ ನನ್ನ ಕೋಣೆ.
ನಡುವೆ ಹಳೇ ಮದ್ರಾಸ್ ತಾರಸಿ, ನಾಲ್ಕು ತೊಲೆ,
ತಿಂಗಳಿಗೆ ಮೂರು ಸಾವಿರ ಬಾಡಿಗೆ.

ಮೈಸೂರಿನ ಆರ್ಕೆಸ್ಟ್ರಾದವರೊಬ್ಬರು
ಬೆರಳು ನಡುಗತೊಡಗಿದ ಮೇಲೆ ಮಾರಿದ ಸಿಂಥ್ ಇದು.
ನೆನಪೆಂಬುದೇ ಇಲ್ಲ ಇದಕ್ಕೆ,
ಉಳಿಸಿಡುವ ಗುಂಡಿ ಇಲ್ಲ.
ನಿನ್ನೆ ಸಿಕ್ಕ ದನಿಯನ್ನು ಇವತ್ತು
ಮತ್ತೆ ಮೊದಲಿನಿಂದ ಹುಡುಕಬೇಕು.
ನಾಬುಗಳ ಸುತ್ತ ನಾನೇ ಇಟ್ಟ
ಉಗುರುಬಣ್ಣದ ಚುಕ್ಕೆಗಳಿವೆ:
ಕೆಂಪು ದಪ್ಪ ದನಿಗೆ, ನೇರಳೆ ಗೊಗ್ಗರಿಗೆ,
ಹಸಿರು ಯಾವುದಕ್ಕೋ, ಮರೆತಿದ್ದೇನೆ.

ಸ್ವಿಚ್ಚು ಒತ್ತಿ ಇಪ್ಪತ್ತು ನಿಮಿಷ ಬಿಡಬೇಕು,
ಮೈ ಕಾಯದೆ ಶ್ರುತಿ ನಿಲ್ಲದು.
ಅದೂ ಕಾಯುತ್ತದೆ, ನಾನೂ ಕಾಯುತ್ತೇನೆ.
ಒಂದೇ ಮಾತು,
ಬಿಸಿ ಮಾತ್ರ ಅದರ ಪಾಲಿಗೆ.

ರಾತ್ರಿ ಹನ್ನೊಂದಕ್ಕೆ
ಗದ್ದೆ ಕಡೆಯ ಪಂಪುಗಳಿಗೆ ತ್ರೀಫೇಸ್ ಬಿಟ್ಟರೆ
ಎರಡನೇ ಆಸಿಲೇಟರ್ ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ.
ಒಂದರ ಪಕ್ಕ ಒಂದು ಸರಿಯಾಗಿ ಕೂರದ ಎರಡು ದನಿ,
ನಡುವೆ ತೊಟ್ಟಿಲ ನಿಧಾನದ ಒಂದು ತೂಗು.
ಸರಿಪಡಿಸಲು ಹೋಗುವುದಿಲ್ಲ ನಾನು.
ಕಬ್ಬಿಗೆ ನೀರು ಹತ್ತಿತೆಂದು ತಿಳಿಯುತ್ತದೆ, ಅಷ್ಟೆ.

ಮೊದಲ ದಿನ ಸಬ್ ಬಿಟ್ಟಾಗ ಕೆಳಗಿಂದ ಕೂಗು:
"ಏನವ್ವಾ, ಮೇಲೆ ಟ್ರ್ಯಾಕ್ಟರ್ ಮಡಗಿದ್ದೀಯಾ?"
ಇಳಿದು ನೋಡಿದೆ.
ಯಾರೂ ಮುಟ್ಟದೆ ಪಾತ್ರೆಗಳು ಮಾತಾಡುತ್ತಿದ್ದವು.

ಆಮೇಲೆ ನಮ್ಮಿಬ್ಬರಿಗೆ ಅದೇ ಕೆಲಸ.
ನಾನು ಒಂದೊಂದೇ ಸ್ವರ ಇಳಿಸುವುದು,
ಅವರು ಕೆಳಗಿಂದ ಹೆಸರು ಕೂಗುವುದು.
ಇಡ್ಲಿ ತಟ್ಟೆ ತೊಂಬತ್ತು ಹರ್ಟ್ಜ್‌ಗೆ.
ಸೌಟಿನ ಗೊಂಚಲು, ಫಿಲ್ಟರ್ ಪೂರಾ ತೆರೆದಾಗ.
ಹಾಲಿನ ಕ್ಯಾನು ಕಿಕ್ಕಿಗೆ ಮಾತ್ರ,
ಅದೂ ಮುಚ್ಚಳ ಸಡಿಲವಿದ್ದರೆ.
"ಕುಕ್ಕರ್ ಬುಡವ್ವ, ಅದು ಎಲ್ಲಕ್ಕೂ ಕುಣೀತದೆ."

ಮೂಲೆಯಲ್ಲೊಂದು ತಾಮ್ರದ ಕೊಳಗ.
ಕಲಾಯಿಗೆಂದು ಯಾರೋ ಬಿಟ್ಟು ಹೋದದ್ದು,
ಮರಳಿ ಬಂದಿಲ್ಲ.
ಕಂಠದಲ್ಲಿ ಕೊರೆಸಿದ ಹೆಸರು ಸವೆದು
'ಮ್ಮ' ಮಾತ್ರ ಉಳಿದಿದೆ, ಪಕ್ಕದಲ್ಲಿ ೧೯೬೮.
ಐದು ತಿಂಗಳು ಅದು ಯಾವುದಕ್ಕೂ ಓಗೊಡಲಿಲ್ಲ.

ಆರನೆಯ ತಿಂಗಳು, ಪಂಪು ಬಿಟ್ಟ ಹೊತ್ತು,
ಐವತ್ತೂ ಅಲ್ಲದ ಐವತ್ತೊಂದೂ ಅಲ್ಲದ ಒಂದು ಸಂದಿಯಲ್ಲಿ
ಕೊಳಗ
ಹೂಂ ಅಂದಿತು.

ಶಟರ್ ಎಳೆಯುತ್ತಿದ್ದವರು ಅರ್ಧಕ್ಕೆ ನಿಂತರು.
"ಅಲ್ಲೇ ಇರವ್ವ. ಕದಲಬ್ಯಾಡ."
ನಾಬಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದೆನೋ.
ಕೆಳಗೆ ಅವರು ಏನು ಮಾಡುತ್ತಿದ್ದರೆಂದು
ಇವತ್ತಿಗೂ ಕೇಳಿಲ್ಲ.

ಮೈಸೂರಿನ ಯಾದವಗಿರಿ, ಒಂದು ಖಾಲಿ ಗೋದಾಮು,
ಹದಿನೆಂಟು ಇಂಚಿನ ಎಂಟು ಸ್ಪೀಕರು,
ಟಿಕೆಟ್ಟು ಕೊಂಡ ನಲವತ್ತಮೂರು ಜನ.
ದನಿ ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕ.
ಪಕ್ಕೆಲುಬಿಗೆ ಬಡಿಯಿತು, ಪ್ಯಾಂಟಿನ ಕಾಲು ನಡುಗಿಸಿತು,
ಹುಡುಗರು ಕುಣಿದರು.
ಆ ಸಂದಿಗೆ ಬಂದೆ.
ಕೇಳಿಸಿಕೊಂಡೆ.
ಕೆಳಗಡೆ ಯಾರೂ ಇರಲಿಲ್ಲ.
ನನ್ನ ಕೈ ತಾನಾಗಿ ನಿಂತುಬಿಟ್ಟಿತು, ಪೂರ್ತಿ ಎರಡು ಆವರ್ತ.
ಡ್ರಾಪ್ ಬರುತ್ತಿದೆ ಎಂದುಕೊಂಡು
ನಲವತ್ತಮೂರೂ ಜನ ಕಿರುಚಿದರು.

ಮುಂದಿನ ಸಲಕ್ಕೆ ಜವರಾಯಣ್ಣ ಚೀಟಿ ಬರೆದರು:
ಕೊಳಗ ಒಂದು, ದಿನಕ್ಕೆ ಇಪ್ಪತ್ತು ರೂಪಾಯಿ,
ಸೊಟ್ಟ ಮಾಡಿದರೆ ನಿಂದೇ.
ಚೀಟಿಯ ಹಿಂದೆ, ಸಣ್ಣಗೆ:
ವಾರಸುದಾರರು ಬಂದರೆ ಫೋನ್ ಮಾಡ್ತೀನಿ.

ಕೆಂಪು ಬಸ್ಸು, ಕಿಟಕಿ ಸೀಟು.
ಸಿಂಥ್ ತೊಡೆಯ ಮೇಲೆ, ಅದಕ್ಕೆ ಟಿಕೆಟ್ಟಿಲ್ಲ.
ಕೊಳಗಕ್ಕೆ ಲಗೇಜು ಹರಿದು ಕೊಟ್ಟ ಕಂಡಕ್ಟರು
ಒಳಗೇನಿದೆ ಎಂದು ಬಗ್ಗಿ ನೋಡಿದರು,
ಏನೂ ಇರಲಿಲ್ಲ.

ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ಮುಂದೆ ಎತ್ತಿನಗಾಡಿ, ಡ್ರೈವರು ಗೇರು ಇಳಿಸಿದ.
ಎಂಜಿನ್ನು ಗೊಣಗುತ್ತ ಗೊಣಗುತ್ತ
ಆ ಸಂದಿಗೆ ಬಂತು.

ಕಂಡಕ್ಟರು ಚಿಲ್ಲರೆ ಎಣಿಸುವುದನ್ನು ಬಿಟ್ಟು
ಹಿಂದಕ್ಕೆ ತಿರುಗಿದರು.