ಚಿಲ್ಲರೆ ಹಿಂದಕ್ಕೆ

ಕುತಾಯಿಸಿಯ ರೊಟ್ಟಿಯಂಗಡಿ. ಬೀದಿಗೆ ತೆರೆದ ಕಿಟಕಿ,
ಒಳಗೆ ಬಾವಿಯಂಥ ಒಲೆ, ಅದರ ಬಾಯಿಗೆ ಬಾಗಿದ ತ್ಸಿಯುರಿ.
ತಕ್ಕಡಿಯ ಹಿಂದೆ ನನ್ನ ರೆಕಾರ್ಡರ್.
ಗುಟ್ಟೇನಿಲ್ಲ, ಅವಳೇ ಸಹಿ ಹಾಕಿದ್ದಾಳೆ,
ಗಿರಾಕಿಗಳಿಗೆಂದು ಗೋಡೆಗೆ ಚೀಟಿ ಅಂಟಿಸಿದ್ದಾಳೆ,
ಚೀಟಿಯ ಮೂಲೆಗೆ ಹಿಟ್ಟಿನ ಹೆಬ್ಬೆಟ್ಟು.

ಹನ್ನೊಂದು ದಿನದ ಮಾತು ಈಗ ನನ್ನ ಕಿವಿಯಲ್ಲಿ.
ಒಂದು ನಿಮಿಷ ಬರೆದಿಳಿಸಲು ಒಂದು ಮಧ್ಯಾಹ್ನ.
ಉಸಿರು ಒಳಗೆಳೆದರೆ ಒಂದು ಗುರುತು, ಬಿಟ್ಟರೆ ಇನ್ನೊಂದು,
ಒಬ್ಬರ ಮಾತನ್ನೊಬ್ಬರು ತುಳಿದರೆ ಚೌಕ ಕಂಸ.
ನಮ್ಮಲ್ಲಿ ಹೌದಿಗೆ ಮೂರು ಮಾತು: ದಿಯಾಖ್, ಕಿ, ಹೋ.
ಹಿರಿಯರಿಗೊಂದು, ಎಲ್ಲರಿಗೊಂದು,
ಬಾಯಿ ತುಂಬ ರೊಟ್ಟಿ ಇದ್ದಾಗಲೂ ಹೊರಡುವುದೊಂದು.

ಏಳನೆಯ ದಿನ, ಬೆಳಿಗ್ಗೆ ಎಂಟೂ ಹತ್ತು.
ನಾಜಿಬ್ರೋಲಾ ಕೇಳುತ್ತಾಳೆ, "ಮಗ ಹೇಗಿದ್ದಾನೆ?"
ಬೇರೆ ದಿನ ಉತ್ತರ ಪ್ರಶ್ನೆಯ ಬಾಲ ಹಿಡಿದೇ ಬರುತ್ತಿತ್ತು.
ಸೊನ್ನೆ ಬಿಂದು ಎರಡು.
ಸೊನ್ನೆ ಬಿಂದು ಐದು. ಒಲೆಯ ಗೋಡೆಗೆ ಹಿಟ್ಟು ಬಡಿದ ಸದ್ದು.
ಒಂದು ಬಿಂದು ಒಂದು.
ಆಮೇಲೆ, "ಇದ್ದಾನೆ. ಬಿಸಿಯಿದೆ, ಕೈ ಜೋಪಾನ."

"ಮನಸ್ಸಿನೊಳಗೆ ಇಣುಕಬೇಡ" ಎನ್ನುತ್ತಾರೆ ಪ್ರೊಫೆಸರ್ ಜುಂಬೆರ್.
"ಮೌನಕ್ಕೆ ಅರ್ಥ ಹೇಳುವುದು ನಿನ್ನ ಕೆಲಸವಲ್ಲ,
ಎದುರು ನಿಂತವಳದು. ಅವಳೇನು ಮಾಡಿದಳು, ನೋಡು."
ಎದುರು ನಿಂತವಳು ಏನೂ ಮಾಡಲಿಲ್ಲ.
ಹೋ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ.
ಹದಿನಾಲ್ಕನೆಯ ಸಲ ಕೇಳಿದಾಗ ಸಿಕ್ಕಿತು:
ಹಲಗೆಯ ಮೇಲೆ ಚಿಲ್ಲರೆ ಅವಳ ಕಡೆ ಜಾರಿದ ಸದ್ದು,
ಅದೇ ಚಿಲ್ಲರೆ, ಮೆಲ್ಲಗೆ, ಮರಳಿ ಜಾರಿದ ಸದ್ದು.
ಜೋಡಿ ಕಂಸದೊಳಗೆ ಬರೆದೆ: ಚಿಲ್ಲರೆ ಹಿಂದಕ್ಕೆ.
ಯಾಕೆ ಎಂಬುದಕ್ಕೆ ನಮ್ಮ ಪದ್ಧತಿಯಲ್ಲಿ ಗುರುತಿಲ್ಲ.

ಪ್ರಬಂಧದಲ್ಲಿ ಎಲ್ಲರ ಹೆಸರೂ ಬದಲಾಗಬೇಕು, ನಿಯಮ.
ಇಬ್ಬರದನ್ನೂ ಬದಲಿಸಿದೆ.
ಮಗನದು ಬದಲಿಸುವಂತಿರಲಿಲ್ಲ;
ಹನ್ನೊಂದು ದಿನದಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದಿಲ್ಲ.

ನಿನ್ನೆ ರೆಕಾರ್ಡರ್ ಇಲ್ಲದೆ ರೊಟ್ಟಿಗೆಂದೇ ಹೋದೆ.
"ಒಂದೋ, ಎರಡೋ?" ಎಂದಳು.
ಎಣಿಸುವ ಚಾಳಿ ನೋಡಿ, ಅವಳ ದನಿ ನಿಂತ ಕಡೆಯಿಂದ
ಎಣಿಸುತ್ತಲೇ ನಿಂತೆ. ಉತ್ತರ ತಡವಾಯಿತು,
ಸೊನ್ನೆ ಬಿಂದು ಆರೋ, ಏಳೋ.
ಒಲೆಯಿಂದ ತಲೆಯೆತ್ತಿ ನೋಡಿದಳು,
ಹುಬ್ಬಿನ ಮೇಲೆ ಹಿಟ್ಟು.
"ಮನೆಯಲ್ಲಿ ಎಲ್ಲ ಸರಿಯಿದೆ ತಾನೆ?"